ಹಳೆಯ ಸ್ಪೋರ್ಟ್ಸ್ ಕಾರು ಕೈಕೊಟ್ಟಾಗ: ಎಂಜಿನ್ ಮತ್ತು ವಿದ್ಯುತ್ ದೋಷ ಪತ್ತೆಯ ಕ್ರಮ

ಮಂಗಳೂರು: ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಕಡಲಿನ ಉಪ್ಪುಗಾಳಿ ಬೀಸುವ ಮಂಗಳೂರಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಹವ್ಯಾಸಕ್ಕಿಂತ ವ್ರತಕ್ಕೆ ಹೆಚ್ಚು ಸಮೀಪ. ಆಟಿ ತಿಂಗಳ ಮಳೆಗೆ ಎರಡು ವಾರ ಹೊದಿಕೆಯಡಿ ನಿಂತ ಕಾರು, ಬಿಸಿಲು ಬಂದ ದಿನ ಕೀಲಿ ತಿರುಗಿಸಿದರೆ 'ಟಕ್' ಎಂದು ಸುಮ್ಮನಾಗುತ್ತದೆ. ಆಗ ಮಾಲೀಕರ ಸಂಶಯ ಎಂಜಿನ್ನಿನ ಮೇಲೆ ಹೋಗುವುದು ಸಹಜ. ಆದರೆ ಇಂತಹ ಕಾರುಗಳಲ್ಲಿ ಎಂಜಿನ್ನಿನ ದೋಷವೆಂದು ತೋರುವ ಬಹುಪಾಲು ತೊಂದರೆಗಳ ಮೂಲ ಸವೆದ ತಂತಿ, ಕಿಲುಬು ಹಿಡಿದ ಜೋಡಣೆ, ಸಡಿಲಗೊಂಡ ನಟ್ಟು ಇವುಗಳಲ್ಲಿರುತ್ತದೆ. ಬಿಡಿಭಾಗಗಳು ಸುಲಭದಲ್ಲಿ ದೊರೆಯದ ಕಾರಿನ ಎಂಜಿನ್ನನ್ನು ಅಳತೆ ಮಾಡದೆ ಬಿಚ್ಚಿಸಿದರೆ ಒಮ್ಮೊಮ್ಮೆ ಆ ಕಾರು ಮತ್ತೆ ರಸ್ತೆಗೆ ಇಳಿಯುವುದೇ ಇಲ್ಲ.

ಕರ್ನಾಟಕಕ್ಕೆ ನಂಟಿರುವ ಉದಾಹರಣೆಗಳನ್ನೇ ನೋಡೋಣ. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ಸಂಸ್ಥೆಯು ಗೋವಾದ ವೆರ್ಣಾದಲ್ಲಿ 1998ರಿಂದ 'ಸ್ಯಾನ್ ಸ್ಟಾರ್ಮ್' ಎಂಬ ಎರಡು ಆಸನಗಳ ತೆರೆದ ಕಾರನ್ನು ತಯಾರಿಸಿತು. ವೆರ್ಣಾ ಇರುವುದು ಮಂಗಳೂರನ್ನು ಹಾದುಹೋಗುವ ಇದೇ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಫೈಬರ್‌ಗ್ಲಾಸ್ ಮೈ, 1149 ಸಿಸಿಯ, ಸುಮಾರು 60 ಅಶ್ವಶಕ್ತಿಯ ರೆನೊ ಎಂಜಿನ್ ಇದರ ವೈಶಿಷ್ಟ್ಯ. ಯುರೋಪಿನ ಟ್ವಿಂಗೊ ಮತ್ತು ಕ್ಲಿಯೊ ಕಾರುಗಳಲ್ಲಿದ್ದ ಡಿ7ಎಫ್ ಎಂಜಿನ್ ಇದೇ. ಕಾರಿನ ತಯಾರಿಕೆ ನಿಂತು ಬಹಳ ಕಾಲವಾಯಿತು. ಇದಕ್ಕೂ ಮೊದಲು, 1980ರ ದಶಕದಲ್ಲಿ, ಬೆಂಗಳೂರಿನ ಸಿಪಾನಿ ಸಂಸ್ಥೆಯು ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ 'ಡಾಲ್ಫಿನ್' ತಯಾರಿಸಿತ್ತು. 848 ಸಿಸಿಯ ಅಲ್ಯುಮಿನಿಯಂ ಎಂಜಿನ್ನಿನ ಈ ಪುಟ್ಟ ಕಾರು ನೋಟಕ್ಕೆ ಸ್ಪೋರ್ಟ್ಸ್ ಕಾರೇನೂ ಅಲ್ಲ. ಆದರೂ ಹಗುರವಾದ ಫೈಬರ್ ಮೈಯಿಂದಾಗಿ ರ‍್ಯಾಲಿಗಳಲ್ಲೂ ಚೆನ್ನೈ ಬಳಿಯ ಶೋಳಾವರಂ ಪಂದ್ಯಗಳಲ್ಲೂ ಹೆಸರು ಮಾಡಿತು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಉಕ್ಕಿನ ಮೈಯದು. ಅದರ ಕಿಡಿ ವ್ಯವಸ್ಥೆ ಮಾತ್ರ ಡಾಲ್ಫಿನ್‌ನ ಬಗೆಯದೇ. ಕೆಳಗಿನ ವಿವರಗಳು ಮುಖ್ಯವಾಗಿ ಮೊದಲ ಎರಡು ಕಾರುಗಳನ್ನು ಕಣ್ಣಮುಂದೆ ಇಟ್ಟುಕೊಂಡಿವೆ.

ನಗರದ ಗೆಳೆಯರೊಬ್ಬರ ಫೈಬರ್ ಮೈಯ ಕಾರಿನಲ್ಲಿ ರಾತ್ರಿ ಹೊತ್ತು ಉಷ್ಣತೆಯ ಮುಳ್ಳು ಕೆಂಪು ಗೆರೆಗೆ ಏರುತ್ತಿತ್ತು. ಗ್ಯಾರೇಜಿನವರು ಹೆಡ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸಿದರು, ರೇಡಿಯೇಟರ್ ತೊಳೆದರು. ಎರಡು ತಿಂಗಳ ಬಳಿಕ ಕಾರು ಮನೆಗೆ ಬಂದ ರಾತ್ರಿಯೂ ಮುಳ್ಳು ಅಲ್ಲಿಯೇ ನಿಂತಿತು. ಹಗಲಿನಲ್ಲಿ ಎಲ್ಲವೂ ಸರಿ. ಹೆಡ್‌ಲೈಟ್ ಹಾಕಿದಾಗ ಮಾತ್ರ ಮುಳ್ಳು ಏರುತ್ತದೆ ಎಂಬುದನ್ನು ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ. ಡ್ಯಾಶ್‌ಬೋರ್ಡಿನ ಹಿಂದಿನ ಒಂದು ಕಪ್ಪು ತಂತಿಯ ತುದಿಯನ್ನು ಉಜ್ಜಿ ಬಿಗಿಮಾಡಿದ ಮೇಲೆ ತೊಂದರೆ ನಿವಾರಣೆಯಾಯಿತು.

ಅರ್ತಿಂಗ್ ಎಂಬ ಮೂಲ ಸಮಸ್ಯೆ

ಬ್ಯಾಟರಿಯಿಂದ ಹೊರಟ ವಿದ್ಯುತ್ತು ದೀಪವನ್ನೋ ಮೋಟಾರನ್ನೋ ಹಾದು ಮರಳಿ ಬ್ಯಾಟರಿಗೆ ಸೇರಬೇಕು. ಉಕ್ಕಿನ ಮೈಯ ಕಾರಿನಲ್ಲಿ ಈ ಮರಳುವ ದಾರಿ ಕಾರಿನ ಮೈಯೇ. ದೀಪದ ಒಂದು ತುದಿಯನ್ನು ಹತ್ತಿರದ ತಗಡಿಗೆ ಕೂಡಿಸಿದರೆ ಸಾಕು. ಫೈಬರ್‌ಗ್ಲಾಸ್‌ನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆದುದರಿಂದ ಪ್ರತಿಯೊಂದು ದೀಪ, ಹಾರ್ನ್, ವೈಪರ್ ಮೋಟಾರು, ಪೆಟ್ರೋಲ್ ಪಂಪಿಗೂ ಪ್ರತ್ಯೇಕ ಮರಳು ತಂತಿ ಎಳೆಯಬೇಕಾಗುತ್ತದೆ. ಅವೆಲ್ಲವೂ ಚೌಕಟ್ಟಿನ ಕೆಲವು ಬೋಲ್ಟುಗಳಲ್ಲಿ ಒಟ್ಟು ಸೇರುತ್ತವೆ. ಗ್ಯಾರೇಜಿನಲ್ಲಿ ಇದನ್ನೇ ಅರ್ತಿಂಗ್ ಎನ್ನುತ್ತಾರೆ. 1953ರಲ್ಲಿ ಅಮೆರಿಕದಲ್ಲಿ ಫೈಬರ್ ಮೈಯ ಮೊದಲ ಕಾರ್ವೆಟ್ ಕಾರುಗಳು ತಯಾರಾದಾಗ, ಕಾರ್ಮಿಕರಿಗೆ ಈ ಸಂಗತಿ ಹೊಸದಾಗಿದ್ದು ಅರ್ತಿಂಗ್ ತಪ್ಪಿ ಕಾರುಗಳು ಚಾಲೂ ಆಗದೆ ಹೋದವು ಎಂಬ ಕಥೆ ಪ್ರಸಿದ್ಧವಾಗಿದೆ.

ಉಪ್ಪು ಮತ್ತು ತೇವ ಸೇರಿದಲ್ಲಿ ತಾಮ್ರಕ್ಕೆ ಹಸಿರು ಕಿಲುಬು, ಉಕ್ಕಿಗೆ ತುಕ್ಕು ನಿಶ್ಚಿತ. ಜೋಡಣೆಯಲ್ಲಿ ಪ್ರತಿರೋಧ ಹೆಚ್ಚುತ್ತದೆ. ಇದರ ಪರಿಣಾಮ ಎಲ್ಲ ಉಪಕರಣಗಳ ಮೇಲೂ ಒಂದೇ ರೀತಿ ಇರುವುದಿಲ್ಲ ಎಂಬಲ್ಲಿಯೇ ಮಾಲೀಕರು ಮೋಸಹೋಗುವುದು. ಒಂದು ಕೂಡುಸ್ಥಳದಲ್ಲಿ ಕೇವಲ 0.02 ಓಮ್ ಪ್ರತಿರೋಧ ಬಂದಿದೆ ಎಂದುಕೊಳ್ಳೋಣ. 2 ಆಂಪಿಯರ್ ಎಳೆಯುವ ಸಣ್ಣ ದೀಪಕ್ಕೆ ಇದರಿಂದ ನಷ್ಟವಾಗುವುದು 0.04 ವೋಲ್ಟ್ ಮಾತ್ರ, ಕಣ್ಣಿಗೆ ತಿಳಿಯದು. 100 ಆಂಪಿಯರ್ ಎಳೆಯುವ ಸೆಲ್ಫ್ ಮೋಟಾರಿಗೆ ಅದೇ ಕೂಡುಸ್ಥಳದಲ್ಲಿ 2 ವೋಲ್ಟ್ ನಷ್ಟ. ಹೀಗಾಗಿ ದೀಪ ಚೆನ್ನಾಗಿ ಉರಿಯುತ್ತದೆ, ಸೆಲ್ಫ್ ತಿರುಗುವುದಿಲ್ಲ. 'ದೀಪ ಉರಿಯುತ್ತಿದೆ, ಆದ್ದರಿಂದ ವೈರಿಂಗ್ ಸರಿ ಇದೆ' ಎಂಬ ತೀರ್ಮಾನ ಎಷ್ಟು ತಪ್ಪು ಎಂಬುದು ಇದರಿಂದ ತಿಳಿಯುತ್ತದೆ. ಸೆಲ್ಫ್ ಮೋಟಾರನ್ನು ಬದಲಿಸಿ, ಅನಂತರ ಬ್ಯಾಟರಿಯನ್ನೂ ಬದಲಿಸಿ, ಕೊನೆಗೆ ಅರ್ತಿಂಗ್ ಪಟ್ಟಿಯತ್ತ ನೋಡುವವರು ಕಡಿಮೆಯಿಲ್ಲ.

ಅರ್ತಿಂಗ್ ಕೆಟ್ಟಿರುವುದಕ್ಕೆ ಕೆಲವು ಸೂಚನೆಗಳಿವೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕುವುದು, ಹೆಡ್‌ಲೈಟ್ ಹಾಕಿದಾಗ ಮುಳ್ಳುಗಳು ಜಾಗ ಬದಲಿಸುವುದು, ವೈಪರ್ ಹಾಕಿದರೆ ದೀಪ ಮಂಕಾಗುವುದು. ಎಂಜಿನ್ ಮತ್ತು ಚೌಕಟ್ಟಿನ ನಡುವಿನ ಹೆಣೆದ ತಾಮ್ರದ ಪಟ್ಟಿ ಪೂರ್ತಿ ತುಂಡಾದಾಗ ಇನ್ನೂ ವಿಚಿತ್ರವಾದುದು ಸಂಭವಿಸುತ್ತದೆ. ಎಂಜಿನ್ನು ರಬ್ಬರಿನ ಆಧಾರದ ಮೇಲೆ ಕುಳಿತಿರುವುದರಿಂದ ವಿದ್ಯುತ್ತು ಚೋಕ್ ಕೇಬಲ್ಲಿನ, ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾದರೆ ಬೇರೆ ಪರೀಕ್ಷೆಯ ಅಗತ್ಯವೇ ಇಲ್ಲ. ಆ ಕೇಬಲ್ ಕರಗಿ ಹಿಡಿದುಕೊಳ್ಳುವ ಮೊದಲೇ ಪಟ್ಟಿ ಬದಲಿಸಬೇಕು.

ಉಳಿದ ಸಂದರ್ಭಗಳಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಚಾಲೂ ಆಗದಂತೆ ಕಾರ್ಬುರೇಟರ್ ಕಾರಿನಲ್ಲಿ ಕಾಯಿಲ್‌ಗೆ ವಿದ್ಯುತ್ ತರುವ ತಂತಿಯನ್ನು, ಇಂಜೆಕ್ಷನ್ ಕಾರಿನಲ್ಲಿ ಪೆಟ್ರೋಲ್ ಪಂಪಿನ ಫ್ಯೂಸನ್ನು ತೆಗೆದಿಡಬೇಕು. ಫ್ಯೂಸ್ ತೆಗೆದ ಮೇಲೂ ಕೊಳವೆಯಲ್ಲಿ ಉಳಿದ ಪೆಟ್ರೋಲಿನಿಂದ ಎಂಜಿನ್ ಕ್ಷಣಕಾಲ ಓಡಬಹುದು, ಅದು ಮುಗಿಯಲಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಸೀಸದ ಗೂಟಕ್ಕೆ, ಕೆಂಪು ಮುಳ್ಳನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿದು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. 0.3 ವೋಲ್ಟಿನೊಳಗೆ ಬಂದರೆ ಅರ್ತಿಂಗ್ ಸರಿಯಿದೆ. 0.5 ದಾಟಿದರೆ ದೋಷವಿದೆ. ಆಗ ಕೆಂಪು ಮುಳ್ಳನ್ನು ಮೊದಲು ಬ್ಯಾಟರಿಯ ಕ್ಲಾಂಪಿಗೆ, ಆಮೇಲೆ ತಂತಿ ಚೌಕಟ್ಟು ಸೇರುವ ಬೋಲ್ಟಿಗೆ, ಆಮೇಲೆ ಎಂಜಿನ್ನಿಗೆ ಹೀಗೆ ಹಂತಹಂತವಾಗಿ ಸರಿಸಿ ಅಳೆದರೆ ಯಾವ ಹಂತದಲ್ಲಿ ಅಂಕಿ ಏಕಾಏಕಿ ಏರುತ್ತದೋ ಅಲ್ಲಿಯೇ ಕಿಲುಬು. ಪಾಸಿಟಿವ್ ಬದಿಯಲ್ಲೂ ಬ್ಯಾಟರಿಯಿಂದ ಸೆಲ್ಫ್‌ವರೆಗೆ ಇದೇ ಕ್ರಮದಲ್ಲಿ ಅಳೆಯಬಹುದು.

ದುರಸ್ತಿಗೆ ಖರ್ಚು ಅತ್ಯಲ್ಪ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಕಳಚಿ, ಬೋಲ್ಟು ಬಿಚ್ಚಿ, ಎರಡೂ ಮುಖಗಳನ್ನು ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಬೇಕು. ಹಲ್ಲಿನ ವಾಷರು ಹಾಕಿ ಬಿಗಿಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಬಣ್ಣ ಬಳಿಸಿದ ಚೌಕಟ್ಟಿನಲ್ಲಿ ಬೋಲ್ಟಿನ ಕೆಳಗೂ ಬಣ್ಣ ಹೋಗಿರುವುದು ನಮ್ಮಲ್ಲಿ ತೀರಾ ಸಾಮಾನ್ಯ. ತಂತಿಯ ಪ್ಲಾಸ್ಟಿಕ್ ಸುಲಿದಾಗ ಒಳಗಿನ ತಾಮ್ರ ಕಪ್ಪಾಗಿದ್ದರೆ ಕೆಂಪು ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಬೇಕು. ಕಾಣದಿದ್ದರೆ ಆ ತಂತಿಯನ್ನೇ ಬದಲಿಸುವುದು ಲೇಸು. ದೋಣಿಗಳ ವೈರಿಂಗ್‌ಗೆಂದು ತಯಾರಾಗುವ ತವರ ಲೇಪಿತ ತಾಮ್ರದ ತಂತಿ ಸಿಕ್ಕಿದರೆ ಕರಾವಳಿಯ ಕಾರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಉಪ್ಪಿನ ಕಾಟ ಧಕ್ಕೆಯ ಬೋಟಿನವರಿಗೆ ಗೊತ್ತಿರುವಷ್ಟು ಕಾರಿನವರಿಗೆ ಗೊತ್ತಿಲ್ಲ.

ಸೆಲ್ಫ್ ತಿರುಗದಿದ್ದರೆ

ಕಾರು ಕೆಲವು ತಾಸು ವಿಶ್ರಾಂತಿಯಲ್ಲಿದ್ದ ಬಳಿಕ ಬ್ಯಾಟರಿಯ ಗೂಟಗಳ ನಡುವೆ 12.6 ವೋಲ್ಟ್ ಇದ್ದರೆ ಅದು ಪೂರ್ಣ ಚಾರ್ಜ್ ಆಗಿದೆ. 12.2 ಇದ್ದರೆ ಅರ್ಧದಷ್ಟು, 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದು. ಸೆಲ್ಫ್ ಹೊಡೆಯುವಾಗ ಇದು 10 ವೋಲ್ಟಿನ ಸುತ್ತಮುತ್ತ ನಿಲ್ಲಬೇಕು. 9.6ಕ್ಕಿಂತಲೂ ಕುಸಿದರೆ ಬ್ಯಾಟರಿ ದುರ್ಬಲವಾಗಿದೆ. ಬ್ಯಾಟರಿಯಲ್ಲಿ ವೋಲ್ಟ್ ಕುಸಿಯದೆ ಸೆಲ್ಫ್ ಮಾತ್ರ ನಿಧಾನವಾಗಿ ತಿರುಗಿದರೆ ಮತ್ತೆ ತಂತಿಗಳ ಕಡೆಗೇ ನೋಡಬೇಕು.

ಎಂಜಿನ್ ಓಡುವಾಗ ಆಲ್ಟರ್ನೇಟರ್ ಇರುವ ಕಾರಿನಲ್ಲಿ 13.8ರಿಂದ 14.4 ವೋಲ್ಟ್ ಬರಬೇಕು. 13ಕ್ಕಿಂತ ಕೆಳಗಿದ್ದರೆ ಚಾರ್ಜ್ ಆಗುತ್ತಿಲ್ಲ, 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ವಾರಕ್ಕೊಮ್ಮೆ ಮಾತ್ರ ಓಡುವ ಕಾರಿನಲ್ಲಿ ಬ್ಯಾಟರಿ ಪದೇಪದೇ ಬರಿದಾಗುತ್ತಿದ್ದರೆ ಎಲ್ಲವನ್ನೂ ಆರಿಸಿ, ನೆಗೆಟಿವ್ ತಂತಿ ಕಳಚಿ, ಆ ತಂತಿ ಮತ್ತು ಗೂಟದ ನಡುವೆ ಮೀಟರನ್ನು ಆಂಪಿಯರ್ ಸ್ಥಾನದಲ್ಲಿ ಜೋಡಿಸಿ ನೋಡಬೇಕು. ಹೀಗೆ ಜೋಡಿಸಿರುವಾಗ ಕೀಲಿ ತಿರುಗಿಸಿದರೆ ಮೀಟರ್ ಸುಟ್ಟುಹೋಗುತ್ತದೆ. 50 ಮಿಲಿಆಂಪಿಯರ್ ದಾಟಿದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋದಾಗ ಯಾವುದರಲ್ಲಿ ಅಂಕಿ ಇಳಿಯುತ್ತದೋ ಅದರಲ್ಲಿ ಸೋರಿಕೆಯಿದೆ. ಅನಂತರದ ದಿನಗಳಲ್ಲಿ ಹಾಕಿಸಿದ ಸ್ಟಿರಿಯೊ, ಅಲಾರಂಗಳೇ ಹೆಚ್ಚಾಗಿ ಅಪರಾಧಿಗಳು.

ತಿರುಗಿದರೂ ಚಾಲೂ ಆಗದಿದ್ದರೆ

ಕಿಡಿ, ಪೆಟ್ರೋಲು, ಒತ್ತಡ ಎಂಬ ಅನುಕ್ರಮವನ್ನು ಬಿಡಬಾರದು. ಪ್ಲಗ್ ಬಿಚ್ಚಿ ಕಿಡಿ ನೋಡುವಾಗ ಅದರ ಲೋಹದ ಭಾಗವನ್ನು ಎಂಜಿನ್ನಿಗೆ ತಾಗಿಸಿರಬೇಕು. ಫೈಬರ್ ಮೈಗೆ ತಾಗಿಸಿ 'ಕಿಡಿಯೇ ಇಲ್ಲ' ಎಂದವರನ್ನು ಕಂಡಿದ್ದೇವೆ. ಸುತ್ತಲೂ ಪೆಟ್ರೋಲಿನ ವಾಸನೆ ಇದ್ದರೆ ಈ ಪರೀಕ್ಷೆಯೇ ಬೇಡ.

ಡಾಲ್ಫಿನ್, ಹೆರಾಲ್ಡ್‌ಗಳಂತಹ ಪಾಯಿಂಟ್ ವ್ಯವಸ್ಥೆಯ ಕಾರಿನಲ್ಲಿ ಕಿಡಿ ನೀಲಿಬಿಳಿಯಾಗಿ ಚಟಪಟ ಸಿಡಿಯಬೇಕು. ಹಳದಿಯಾಗಿ ಬಡಕಲಾಗಿದ್ದರೆ ಪಾಯಿಂಟ್, ಕಂಡೆನ್ಸರ್, ಕಾಯಿಲ್‌ಗಳನ್ನು ಈ ಕ್ರಮದಲ್ಲೇ ನೋಡಬೇಕು. ಲ್ಯೂಕಾಸ್ ಮಾದರಿಯ ಪಾಯಿಂಟಿನ ಅಂತರ ಸಾಮಾನ್ಯವಾಗಿ 0.35ರಿಂದ 0.40 ಮಿಲಿಮೀಟರ್. ಮಳೆಗಾಲದ ಬೆಳಗ್ಗೆ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಬೆವರಿನಂತೆ ತೇವ ಕುಳಿತಿರುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಕಾರುಗಳು ಆ ಕ್ಷಣವೇ ಹೊರಡುತ್ತವೆ. ಮುಚ್ಚಳದಲ್ಲಿ ಕೂದಲೆಳೆಯಂತಹ ಕಪ್ಪು ಗೆರೆ ಇದ್ದರೆ ಅದು ಬಿರುಕು, ಒರೆಸಿ ಪ್ರಯೋಜನವಿಲ್ಲ.

ಸ್ಟಾರ್ಮ್‌ನ ರೆನೊ ಎಂಜಿನ್ನಿನಲ್ಲಿ ಪಾಯಿಂಟೂ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ. ಕೀಲಿ ಹಾಕಿದಾಗ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡು ಗುಂಯ್‌ಗುಟ್ಟುವುದು ಕೇಳಿಸಬೇಕು. ಕೇಳಿಸದಿದ್ದರೆ ಫ್ಯೂಸ್, ರಿಲೇ, ಪಂಪಿನ ಅರ್ತಿಂಗ್ ನೋಡಬೇಕು. ಪಂಪು ಕೆಲಸ ಮಾಡುತ್ತಿದ್ದು ಕಿಡಿ ಇಲ್ಲದಿದ್ದರೆ ಫ್ಲೈವ್ಹೀಲಿನ ಬಳಿ ಎಂಜಿನ್ನಿನ ತಿರುಗುವಿಕೆಯನ್ನು ಗುರುತಿಸುವ ಸೆನ್ಸರ್ ಮೇಲೆ ಮೊದಲ ಸಂಶಯ. ಅದರ ತುದಿಗೆ ಕಬ್ಬಿಣದ ಪುಡಿ ಅಂಟುವುದೂ, ಜೋಡಣೆಯ ಪಿನ್ನು ಕಿಲುಬು ಹಿಡಿಯುವುದೂ ಆ ಕಾಲದ ರೆನೊ ಎಂಜಿನ್‌ಗಳ ಪರಿಚಿತ ವ್ಯಾಧಿ. ಬಿಚ್ಚಿ ಒರೆಸಿ ಹಾಕಿದರೇ ಸರಿಹೋಗುವ ಸಾಧ್ಯತೆಯಿದೆ. ಈಗ ಅಗ್ಗದಲ್ಲಿ ಸಿಗುವ ಒಬಿಡಿ ಸ್ಕ್ಯಾನರುಗಳನ್ನು ನಂಬಿ ಕೂರಬಾರದು. ಭಾರತದಲ್ಲಿ ಕಾರುಗಳಿಗೆ ಆ ವ್ಯವಸ್ಥೆ ಕಡ್ಡಾಯವಾಗತೊಡಗಿದ್ದು 2010ರಿಂದ. ಅದಕ್ಕಿಂತ ಹಳೆಯ ಕಾರು ಅವುಗಳೊಡನೆ ಮಾತನಾಡದೇ ಹೋಗಬಹುದು.

ಹಲವು ಸಲ ಸೆಲ್ಫ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ, ತೊಯ್ದಿದ್ದರೆ ಕಿಡಿ ಸಾಲದು ಅಥವಾ ಪೆಟ್ರೋಲು ಹೆಚ್ಚಾಗಿದೆ. ಇವೆರಡೂ ಸರಿಯಿದ್ದಾಗ ಮಾತ್ರ ಒತ್ತಡ ಪರೀಕ್ಷೆಗೆ ಕೈಹಾಕಬೇಕು. ಎಲ್ಲ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಅಳೆದಾಗ ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ 15 ದಾಟಿದರೆ, ಅಂದು ಎಂಜಿನ್ ಬಿಚ್ಚುವ ಮಾತಿಗೆ ಅರ್ಥವಿದೆ. ರೆನೊ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಕಡಿಮೆ ಓಡಿದ್ದರೂ ವಯಸ್ಸಿನಿಂದಲೇ ಹಾಳಾಗುತ್ತದೆ. ಕಾರು ಕೊಂಡಾಗ ಅದರ ಇತಿಹಾಸ ತಿಳಿಯದಿದ್ದರೆ ಬದಲಿಸಿಬಿಡಬೇಕು.

ಬಿಸಿಯಾದಾಗ ನಿಲ್ಲುವ ಕಾರು

ಮನೆಯಿಂದ ಚೆನ್ನಾಗಿ ಹೊರಟು ಅರ್ಧ ತಾಸಿನಲ್ಲಿ ನಿಂತು, ತಣಿದ ಮೇಲೆ ಮತ್ತೆ ಹೊರಡುವ ಕಾರು ಮೆಕ್ಯಾನಿಕರ ತಾಳ್ಮೆಯನ್ನೇ ಪರೀಕ್ಷಿಸುತ್ತದೆ. ಗ್ಯಾರೇಜು ತಲುಪುವಷ್ಟರಲ್ಲಿ ಅದು ಸರಿಯಾಗಿರುತ್ತದೆ! ಆದ್ದರಿಂದ ಪ್ಲಗ್ ಸ್ಪ್ಯಾನರ್ ಕಾರಿನಲ್ಲೇ ಇರಬೇಕು. ನಿಂತ ಕ್ಷಣವೇ ಪರೀಕ್ಷಿಸಿದಾಗ ಕಿಡಿ ಇಲ್ಲದಿದ್ದರೆ ಹಳೆಯ ಕಾರಿನಲ್ಲಿ ಕಾಯಿಲ್, ರೆನೊ ಎಂಜಿನ್ನಿನಲ್ಲಿ ಮೇಲೆ ಹೇಳಿದ ಸೆನ್ಸರ್ ಕಾರಣವಿರಬಹುದು. ಕಿಡಿ ಇದ್ದರೆ ಕಾರ್ಬುರೇಟರ್ ಕಾರಿನಲ್ಲಿ ಪೆಟ್ರೋಲು ಕೊಳವೆಯಲ್ಲೇ ಆವಿಯಾಗುತ್ತಿದೆಯೇ ಎಂದು ನೋಡಬೇಕು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದಾಗ ಕಾರು ಹೊರಟರೆ ಅನುಮಾನ ನಿಜ.

ನೀರು ಕುದಿಯುವ ತೊಂದರೆಯಲ್ಲಿ ಎಲ್ಲಿ ಕುದಿಯುತ್ತದೆ ಎಂಬುದೇ ಅರ್ಧ ಉತ್ತರ. ಪಂಪ್‌ವೆಲ್, ನಂತೂರು ವೃತ್ತಗಳ ದಟ್ಟಣೆಯಲ್ಲಿ ಬಿಸಿಯಾಗಿ, ಸುರತ್ಕಲ್ ಕಡೆಗೆ ಹೆದ್ದಾರಿಯಲ್ಲಿ ತಣಿಯುವ ಕಾರಿನ ದೋಷ ಫ್ಯಾನಿನಲ್ಲಿದೆ. ನಗರದಲ್ಲಿ ಸರಿಯಿದ್ದು ಶಿರಾಡಿ ಘಾಟಿ ಏರುವಾಗ ಕುದಿದರೆ ರೇಡಿಯೇಟರ್ ಕಟ್ಟಿಕೊಂಡಿದೆ ಅಥವಾ ನೀರಿನ ಪಂಪು ಸೋತಿದೆ. ವಿದ್ಯುತ್ ಫ್ಯಾನು ತಿರುಗದಿದ್ದರೆ ಅದಕ್ಕೆ ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟು ನೋಡಬಹುದು. ಆಗ ತಿರುಗಿದರೆ ಮೋಟಾರು ಸರಿಯಿದ್ದು ರಿಲೇ, ಉಷ್ಣತೆಯ ಸ್ವಿಚ್ಚು ಅಥವಾ ಅರ್ತಿಂಗ್ ಕೆಟ್ಟಿದೆ. ಅಲ್ಯುಮಿನಿಯಂ ಎಂಜಿನ್ನಿಗೆ ಬಾವಿಯ ನೀರು ವಿಷಕ್ಕೆ ಸಮಾನ, ಅದರಲ್ಲೂ ಕಡಲ ಬದಿಯ ಸವುಳು ನೀರು. ಕೂಲೆಂಟ್ ಬೆರೆಸಿದ ಡಿಸ್ಟಿಲ್ಡ್ ನೀರನ್ನೇ ಬಳಸಬೇಕು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬಾರದೆಂಬುದನ್ನು ಪ್ರತ್ಯೇಕ ಹೇಳಬೇಕಾಗಿಲ್ಲ.

ಪೆಟ್ರೋಲಿನಲ್ಲಿ ಬಂದ ಬದಲಾವಣೆ

ದೇಶದಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇ 20 ತಲುಪಿತು. ಈ ಕಾರುಗಳ ರಬ್ಬರ್ ಕೊಳವೆ, ವಾಷರುಗಳು ಆ ಮಿಶ್ರಣಕ್ಕೆಂದು ತಯಾರಾದವಲ್ಲ. ಅವು ಉಬ್ಬಿ, ಬಿರುಕು ಬಿಟ್ಟು ಸೋರುತ್ತವೆ. ಎಥೆನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ನೀರಿನಂಶ ಬೇರ್ಪಟ್ಟು ತಳ ಸೇರಬಹುದು. ಎಥೆನಾಲ್ ತಾಳಿಕೊಳ್ಳುವ ಕೊಳವೆಗಳನ್ನು ಟ್ಯಾಂಕಿನಿಂದ ಎಂಜಿನ್ನಿನವರೆಗೆ ಹಾಕಿಸುವುದು ಇಂದು ಅಲಂಕಾರದ ಖರ್ಚಲ್ಲ. ಫೈಬರ್‌ಗ್ಲಾಸ್‌ನ ರಾಳ ಹೊತ್ತಿಕೊಂಡರೆ ಬೇಗ ಆರುವುದಿಲ್ಲ. ಸೋರುವ ಪೆಟ್ರೋಲು ಮತ್ತು ಸಡಿಲ ತಂತಿಯ ಕಿಡಿ ಒಂದೇ ಕಡೆ ಸೇರಿದರೆ ಕಾರು ಕೆಲವೇ ನಿಮಿಷಗಳಲ್ಲಿ ಬೂದಿಯಾಗುತ್ತದೆ. ಒಣಪುಡಿಯ ಅಗ್ನಿಶಾಮಕವೊಂದು ಚಾಲಕನ ಕೈಗೆಟಕುವಲ್ಲಿ ಇರಲಿ, ಬ್ಯಾಟರಿಗೆ ಸಂಪರ್ಕ ಕಡಿಯುವ ಸ್ವಿಚ್ಚು ಇರಲಿ.

ಮಾಡಬಾರದ ಕೆಲವು ಕೆಲಸಗಳು

ಡೈನಮೊ ಕಾಲದಿಂದ ಉಳಿದುಬಂದ ಒಂದು ರೂಢಿ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿ, 'ಕಾರು ನಿಲ್ಲಲಿಲ್ಲ, ಚಾರ್ಜಿಂಗ್ ಸರಿಯಿದೆ' ಎನ್ನುವುದು. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹೀಗೆ ಮಾಡಿದರೆ ವೋಲ್ಟ್ ಏಕಾಏಕಿ ಚಿಮ್ಮಿ ಅದರ ಡಯೋಡುಗಳೂ, ಸ್ಟಾರ್ಮ್‌ನಂತಹ ಕಾರಿನ ಎಂಜಿನ್ ಕಂಪ್ಯೂಟರೂ ಸುಡಬಹುದು. ಆ ಕಂಪ್ಯೂಟರನ್ನು ಇಂದು ಅಂಗಡಿಯಲ್ಲಿ ಕೇಳಿ ಪಡೆಯುವಂತಿಲ್ಲ. ಯಾರಾದರೂ ಈ ಪರೀಕ್ಷೆಗೆ ಕೈಹಾಕಿದರೆ ಸಂಕೋಚವಿಲ್ಲದೆ ತಡೆಯಿರಿ. ಪದೇಪದೇ ಸುಡುವ 10 ಆಂಪಿಯರ್ ಫ್ಯೂಸಿನ ಜಾಗಕ್ಕೆ 30ರದ್ದನ್ನೋ ತಾಮ್ರದ ಎಳೆಯನ್ನೋ ಹಾಕಿದರೆ ಮುಂದಿನ ಸಲ ಸುಡುವುದು ತಂತಿಯ ಕಟ್ಟು. 60 ವಾಟಿನ ಹೆಡ್‌ಲೈಟಿಗೆಂದು ಎಳೆದ ಹಳೆಯ ತಂತಿಯಲ್ಲಿ 100 ವಾಟಿನ ಬಲ್ಬು ಉರಿಸಿದರೆ ಸ್ವಿಚ್ಚು ಕರಗುತ್ತದೆ. ಬೆಳಕು ಸಾಲದೆನಿಸಿದರೆ ಬಲ್ಬು ಹಾಗೆಯೇ ಇರಲಿ, ಪ್ರತ್ಯೇಕ ರಿಲೇ ಹಾಗೂ ದಪ್ಪ ತಂತಿ ಹಾಕಿಸಬೇಕು. 1960ರ ದಶಕದ ಬ್ರಿಟಿಷ್ ಮೂಲದ ಕೆಲವು ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ತಿಂಗ್ ಆಗಿರುತ್ತಿತ್ತು ಎಂಬುದನ್ನೂ ಹೊಸ ಬ್ಯಾಟರಿ ಕೂರಿಸುವವರು ನೆನಪಿಡಬೇಕು.

ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಬಳಿಕ ಐದೈದು ವರ್ಷಗಳಿಗೆ ನವೀಕರಣ, ಪ್ರತಿ ಬಾರಿಯೂ ತಪಾಸಣೆ. ಸ್ಟಾರ್ಮ್‌ನ ಮೊದಲ ಕಾರುಗಳು ಈ ಹಂತವನ್ನು ಒಂದಕ್ಕಿಂತ ಹೆಚ್ಚು ಸಲ ದಾಟಿವೆ. ಕೆಎ-19 ಫಲಕದ ಕಾರನ್ನು ತಪಾಸಣೆಗೆ ಒಯ್ಯುವ ಹಿಂದಿನ ದಿನ ಹೆಡ್‌ಲೈಟ್, ವೈಪರ್, ಬ್ರೇಕ್ ದೀಪ, ಹಾರ್ನ್ ಇವೆಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿ ನೋಡಬೇಕು. ಒಂದೊಂದಾಗಿ ಹಾಕಿದಾಗ ಅಡಗಿಕೊಳ್ಳುವ ಅರ್ತಿಂಗ್ ದೋಷ ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಹೊರಬೀಳುತ್ತದೆ. ತಪಾಸಣೆ ಮಳೆಗಾಲದಲ್ಲಿ ಬಿದ್ದರೆ ಆಸನದ ಕೆಳಗಿನ ಕಾರ್ಪೆಟ್ ಎತ್ತಿ ನೋಡಿ. ಬಟ್ಟೆಯ ಮಾಡಿನಿಂದ ಸೋರಿದ ನೀರು ಅಲ್ಲಿ ನಿಂತಿದ್ದರೆ, ತಂತಿಯ ಕಟ್ಟು ಅದರಲ್ಲಿ ಮುಳುಗಿರುತ್ತದೆ.